ಫರಸಿ ಎತ್ತಿದ ಅಂಗಳ

ನಮ್ಮ ಮನೆಯಲ್ಲಿ ಮಣ್ಣೇ ಇರಲಿಲ್ಲ. ಶಹಾಬಾದಿನಲ್ಲಿ ಕಲ್ಲಿಗೇನೂ ಬರವಿಲ್ಲ. ಆದರೂ ನಮ್ಮ ಮನೆಯಷ್ಟು ಕಲ್ಲು ತುಂಬಿದ ಮನೆ ಓಣಿಯಲ್ಲಿ ಇನ್ನೊಂದಿರಲಿಲ್ಲ. ನೆಲಕ್ಕೆ ಫರಸಿ ಚಪ್ಪಡಿ, ಗೋಡೆಗೆ ಫರಸಿ, ಅಡುಗೆಮನೆಯ ಕಟ್ಟೆಗೆ, ಡಬ್ಬಿ ಇಡುವ ಮಾಡಕ್ಕೆ, ಬಚ್ಚಲಿಗೆ, ಕೊನೆಗೆ ತಲೆಯ ಮೇಲಿನ ಮಾಳಿಗೆಗೂ ಫರಸಿಯೇ. ಅಪ್ಪ ಕಲ್ಲು ಪಾಲಿಶ್ ಮಾಡುವ ಮಷೀನಿನ ಮೇಲೆ ಕೆಲಸ ಮಾಡುತ್ತಿದ್ದ. ಸಂಜೆ ಮನೆಗೆ ಬಂದಾಗ ಅವನ ಹುಬ್ಬು, ಕಿವಿಯ ಮೇಲಿನ ಕೂದಲು, ಉಗುರಿನ ಸಂದು ಎಲ್ಲವೂ ಬೂದಿ ಬಳಿದಂತೆ ಬೆಳ್ಳಗಿರುತ್ತಿತ್ತು. ಮೂಲೆ ಒಡೆದ, ಗಿರಾಕಿಗಳು ಒಲ್ಲೆನ್ನುವ ಫರಸಿಗಳನ್ನು ಮಾಲೀಕರು ಅವನಿಗೆ ಬಿಟ್ಟುಕೊಡುತ್ತಿದ್ದರು. ಅವನ್ನು ಸೈಕಲ್ಲಿಗೆ ಕಟ್ಟಿ ಒಂದೊಂದಾಗಿ ತಂದು, ಒಡಕು ಅಂಚನ್ನು ತಾನೇ ಉಳಿಯಿಂದ ತಿದ್ದಿ, ಹಿತ್ತಲ ಅಂಗಳಕ್ಕೆಲ್ಲ ಹಾಸಿದ್ದ. ಎರಡು ಫರಸಿಗಳ ನಡುವೆ ಪೋಸ್ಟ್ ಕಾರ್ಡು ತೂರುವಷ್ಟೂ ಸಂದಿರಲಿಲ್ಲ. ಮನೆಗೆ ಬಂದವರನ್ನು ಕೂಡಿಸುವ ಮೊದಲು ಅಂಗಳ ತೋರಿಸುತ್ತಿದ್ದ. ಅವನು ಹುಟ್ಟಿ ಬೆಳೆದದ್ದು ಮಣ್ಣಿನ ಮನೆಯಲ್ಲಿ. ಆ ಮನೆಯ ನೆಲದ ಬಿಲದಿಂದ ಎದ್ದುಬಂದ ಹಾವು ಮಲಗಿದ್ದ ಅವನ ಪುಟ್ಟ ತಂಗಿಯನ್ನು ಕಚ್ಚಿ ಕೊಂದಿತ್ತು. ಇದನ್ನು ಅಪ್ಪನ ಬಾಯಿಂದ ನಾನೆಂದೂ ಕೇಳಲಿಲ್ಲ, ಅವ್ವ ಹೇಳಿದ್ದು.

ಅವ್ವ ಕಾಗಿಣಾ ದಂಡೆಯ ಹಳ್ಳಿಯವಳು. ಬೇಸಿಗೆಯಲ್ಲಿ ನದಿ ಒಂದು ಮಗ್ಗುಲಿಗೆ ಸರಿದು ಉಸುಕು ತೆರೆದುಕೊಂಡಾಗ ಅವಳ ತವರಿನವರು ಆ ಉಸುಕಿನಲ್ಲೇ ತೋಟ ಮಾಡುತ್ತಿದ್ದರಂತೆ. ಮೊಣಕೈ ಆಳದ ಗುಂಡಿ ತೋಡಿ, ಕುರಿಹಿಕ್ಕೆ ತುಂಬಿ, ಸವತಿಕಾಯಿ, ಕಲ್ಲಂಗಡಿಯ ಬೀಜ ಊರಿ, ಕೊಡದಲ್ಲಿ ನೀರು ಹೊತ್ತು ಹಾಕುವುದು. ಹಕ್ಕಿ ಓಡಿಸುವ ಕೆಲಸ ಅವ್ವನದು. ಅದರಲ್ಲೇ ಅವಳ ಶಾಲೆಯ ವಯಸ್ಸು ಕಳೆದುಹೋಯಿತು. ಓದು ಬರಹ ಬಾರದ ಅವಳು ಏಳನೆಯ ಇಯತ್ತೆ ಓದಿದ ಗಂಡನ ಕಲ್ಲಿನ ಮನೆಗೆ ಬಂದು ದಿನಕ್ಕೆ ಎರಡು ಸಲ ಅಂಗಳ ಒರೆಸುತ್ತಿದ್ದಳು. ಮಷೀನುಗಳ ಬಿಳಿ ಧೂಳು ಗಾಳಿಯಲ್ಲಿ ತೇಲಿಬಂದು ಎಲ್ಲದರ ಮೇಲೂ ಕೂರುತ್ತಿತ್ತು.

ನಾನು ಮೂರನೆಯ ಇಯತ್ತೆಯ ಕೊನೆಯಲ್ಲಿದ್ದಾಗ ಕೀಲುಗಳು ಬಾತುಕೊಂಡವು. ಇವತ್ತು ಮೊಣಕಾಲು, ನಾಳೆ ಮುಂಗೈ, ಮಗ್ಗುಲಾದರೆ ಚೀರುವಂಥ ನೋವು, ಇಳಿಯದ ಜ್ವರ. ಕಲಬುರಗಿಯ ಡಾಕ್ಟರು ನನ್ನ ಎದೆಗೆ ಕೊಳವೆಯಿಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಅಪ್ಪನನ್ನು ಹತ್ತಿರ ಕರೆದರು.

"ಈ ಜ್ವರ ಕೀಲಿನಾಗ ಸುಮ್ಮ ಕುಂದ್ರಂಗಿಲ್ಲ, ಎದಿಗಿ ಇಳೀತದ. ಸಾಲಿ ಬಿಡಸ್ರಿ. ಓಡೂದು, ಏರೂದು, ಭಾರ ಎತ್ತೂದು ಎಲ್ಲಾ ಬಂದ್. ಮೂರು ವಾರಕ್ಕೊಮ್ಮಿ ಸೂಜಿ ಮಾಡಸ್ರಿ. ಒಂದೂ ತಪ್ಪಬಾರದು ನೋಡ್ರಿ."

ಹಾಗೆ ನನ್ನ ಶಾಲೆ ನಿಂತಿತು. ಉಪ್ಪು ಕಡಿಮೆ ಮಾಡಬೇಕೆಂದೂ ಹೇಳಿದ್ದರು. ಅವ್ವ ನನಗೆ ಬೇರೆ ಬೇಳೆ ಕುದಿಸಿದ ಮೊದಲ ದಿನವೇ ಅಪ್ಪ ಅದನ್ನು ತನ್ನ ತಾಟಿಗೂ ಹಾಕಿಸಿಕೊಂಡ. ನನ್ನ ಕಾಯಿಲೆ ಮುಗಿಯುವತನಕ ಅವನು ಸಪ್ಪೆ ಬೇಳೆಯಲ್ಲೇ ಜೋಳದ ರೊಟ್ಟಿ ಮುರಿದು ತಿಂದ. ಪಾಠವನ್ನೂ ತಾನೇ ಹೇಳಿಕೊಡುತ್ತೇನೆಂದು ಹಟ ಹಿಡಿದ. ಕೆಲಸದಿಂದ ಬಂದು, ಕೈಕಾಲು ತೊಳೆದು, ಪಾಟಿ ಹಿಡಿದು ಕೂರುತ್ತಿದ್ದ. ಮಷೀನಿನ ಸದ್ದಿನಲ್ಲಿ ದಿನವಿಡೀ ಕೂಗಿ ಮಾತಾಡಿದ ಗಂಟಲು ಮನೆಯಲ್ಲೂ ಇಳಿಯುತ್ತಿರಲಿಲ್ಲ. ಭಾಗಾಕಾರ ಬರುವಷ್ಟರಲ್ಲಿ ಇಬ್ಬರಿಗೂ ಸೋಲು. ನಾನು ಅಳುತ್ತಿದ್ದೆ, ಅವನು ಪಾಟಿಯನ್ನು ಗೋಡೆಗೆ ಆನಿಸಿಟ್ಟು ಎದ್ದು ಹೋಗುತ್ತಿದ್ದ.

ಹಗಲು ಹೊತ್ತೇ ಕಠಿಣ. ಓಣಿಯ ಮಕ್ಕಳೆಲ್ಲ ಶಾಲೆಗೆ ಹೋದ ಮೇಲೆ ನಾನು ಹಿತ್ತಲ ಹೊಸ್ತಿಲ ಮೇಲೆ ಗೋಡೆಗೆ ಒರಗಿ ಕೂತಿರುತ್ತಿದ್ದೆ. ಒಂದು ದಿನ ಇರುವೆಗಳ ಸಾಲೊಂದು ಜೋಳದ ಕಾಳನ್ನು ಎಳೆದುಕೊಂಡು ಬಂದು, ಗೋಡೆಯ ಬುಡದ ಒಂದು ಸಣ್ಣ ಬಿರುಕಿನಲ್ಲಿ ಇಳಿಯುತ್ತಿತ್ತು.

"ಅವ್ವಾ, ಇವು ಎಲ್ಲಿಗಿ ಹೋಗ್ಲಾಕತ್ತಾವ?"

"ಕೆಳಗ ಮಣ್ಣ ಅದಲ್ಲ, ಅಲ್ಲಿ ಅವುರ ಮನಿ ಅದ."

"ನಮ್ಮ ಮನಿ ಕೆಳಗ ಮಣ್ಣ ಅದೇನು?"

ನಾನು ನಿಜವಾಗಿ ಆಶ್ಚರ್ಯದಿಂದಲೇ ಕೇಳಿದ್ದೆ. ಫರಸಿಯ ಕೆಳಗೆ ಫರಸಿ, ಅದರ ಕೆಳಗೆ ಇನ್ನೊಂದು ಫರಸಿ, ಹೀಗೇ ಇರುತ್ತದೆಂದು ತಿಳಿದಿದ್ದೆ. ಅವ್ವ ಅರಿವೆ ಹಿಂಡುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು. ಮರುದಿನ ಅಪ್ಪ ಕೆಲಸಕ್ಕೆ ಹೋದ ಮೇಲೆ ಹಾರೆ ತಂದು, ಅಂಗಳದ ಮೂಲೆಯ ಒಂದು ಫರಸಿಯ ಅಂಚಿಗೆ ಕೊಟ್ಟು ಮೀಟಿದಳು. ಅದು ಉಸ್ಸೆಂದು ಎದ್ದಿತು. ಕೆಳಗೆ ಕರಿಮಣ್ಣು. ತಣ್ಣಗೆ, ಹಸಿಯಾಗಿ, ಬಿಳಿ ಬೇರಿನ ಎಳೆಗಳನ್ನು ಹಿಡಿದುಕೊಂಡು ಮಲಗಿತ್ತು. ಅವ್ವ ಒಂದು ಹಿಡಿ ತೆಗೆದು ನನ್ನ ಅಂಗೈಯಲ್ಲಿಟ್ಟಳು. ಸಂಜೆಯೊಳಗೆ ಮೂಲೆಯ ನಾಲ್ಕು ಫರಸಿ ಎದ್ದು ಗೋಡೆಗೆ ಒರಗಿದ್ದವು.

ಅಪ್ಪ ಸೈಕಲ್ಲು ನಿಲ್ಲಿಸುವುದನ್ನೂ ಮರೆತು ನೋಡಿದ.

"ಯಾರ್ನ ಕೇಳಿ ಎತ್ತಿದಿ?"

"ಪೋರಿ ಮಣ್ಣೇ ನೋಡಿಲ್ರಿ."

"ಹಾವ ಬಂದ್ರ?"

"ಬಂದ್ರ ನಾ ಹೊಡೀತೀನಿ. ನಮ್ಮೂರಾಗ ಎಷ್ಟ ಹೊಡದಿಲ್ಲ."

ಅವತ್ತು ಅವನು ಊಟಕ್ಕೆ ಬರಲಿಲ್ಲ. ಹೊರಗೆ ಕಟ್ಟೆಯ ಮೇಲೆ ಕೂತೇ ಇದ್ದ. ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಮಾತ್ರ, "ನಾಕು ಅಂದ್ರ ನಾಕೇ. ಐದನೇದ್ದು ಮುಟ್ಟಿದ್ರ ನೋಡು" ಅಂದ. ಅವ್ವ ತಲೆಯಾಡಿಸಿದಳು. ನಾಲ್ಕು ಫರಸಿಯ ಜಾಗ ನಮ್ಮದಾಯಿತು.

ಅವ್ವನ ಅಣ್ಣ ಒಂದು ಚೀಲ ಕುರಿಹಿಕ್ಕೆ ತಂದುಕೊಟ್ಟ. ಪುಂಡಿ ಸೊಪ್ಪು, ಮೆಂತ್ಯ, ಎರಡು ಹೀರೆ ಬಳ್ಳಿ, ಒಂದು ಸವತಿ ಬಳ್ಳಿ ಹಾಕಿದೆವು. ನನಗೆ ಬಗ್ಗುವ ಕೆಲಸ ಇರಲಿಲ್ಲ. ಗೋಣಿತಾಟಿನ ಮೇಲೆ ಕೂತು ನೋಡುವುದು, ಎಣಿಸುವುದು, ಹೇಳುವುದು. ಎಷ್ಟು ಬೀಜ ಹಾಕಿದೆವು, ಎಷ್ಟು ಎದ್ದವು, ಎಷ್ಟು ಏಳಲಿಲ್ಲ. ಅಪ್ಪನ ಬಾಯಲ್ಲಿ ನನ್ನನ್ನು ಅಳಿಸಿದ ಭಾಗಾಕಾರ ಅವ್ವನ ಸಾಲುಗಳಲ್ಲಿ ಸುಮ್ಮನೆ ಬಂದುಬಿಟ್ಟಿತು. ಇಪ್ಪತ್ನಾಲ್ಕು ಬೀಜ, ಗೇಣಿಗೆ ಮೂರರಂತೆ ಎಷ್ಟು ಗೇಣು ಬೇಕು? ಅವ್ವ ಬೆರಳು ಮಡಚಿ ಹೇಳುತ್ತಿದ್ದಳು, ನಾನು ಸೀಮೆಸುಣ್ಣದಿಂದ ಫರಸಿಯ ಮೇಲೆ ಬರೆದು ನೋಡುತ್ತಿದ್ದೆ. ಇಬ್ಬರ ಉತ್ತರವೂ ಒಂದೇ ಬಂದರೆ ಅವಳಿಗೆ ನನಗಿಂತ ಹೆಚ್ಚು ಖುಷಿ. ಇಡೀ ಅಂಗಳವೇ ನನ್ನ ಪಾಟಿಯಾಗಿತ್ತು. ಸಿಮೆಂಟ್ ಕಾರ್ಖಾನೆಯ ಭೋಂಗಾ ಕೂಗಿದಾಗಲೆಲ್ಲ ಹೀರೆ ಬಳ್ಳಿಯ ಕೋಲಿನ ನೆರಳಿಗೆ ಇದ್ದಿಲಿನಿಂದ ಒಂದು ಗೆರೆ ಎಳೆಯುತ್ತಿದ್ದೆ. ಕೆಲವು ವಾರಗಳಲ್ಲಿ ನೆರಳು ಆ ಗೆರೆಗಳಿಂದ ಸರಿದಿದ್ದನ್ನು ಕಂಡು ಭೋಂಗಾ ತಪ್ಪು ಹೊತ್ತಿಗೆ ಕೂಗುತ್ತಿದೆ ಎಂದು ಅವ್ವನಿಗೆ ದೂರು ಹೇಳಿದೆ. ಅವಳು ನಕ್ಕು, "ಭೋಂಗಾ ಅಲ್ಲ, ಸೂರ್ಯಪ್ಪ ಹಾದಿ ಬದಲ ಮಾಡ್ಯಾನ. ಚಳಿಗಾಲ ಬರ್ಲಾಕತ್ತದ" ಅಂದಳು.

ಬಿಳಿ ಧೂಳು ಎಲೆಗಳನ್ನೂ ಬಿಡಲಿಲ್ಲ. ಅವ್ವ ಒಂದು ಹೀರೆ ಬಳ್ಳಿಯ ಎಲೆಗಳನ್ನು ದಿನಾ ಒದ್ದೆ ಅರಿವೆಯಿಂದ ಒರೆಸಲು ನನಗೆ ಹೇಳಿದಳು. ಇನ್ನೊಂದನ್ನು ಮುಟ್ಟಬೇಡ ಅಂದಳು. ಯಾಕೆಂದು ಕೇಳಿದರೆ ಹೇಳಲಿಲ್ಲ. "ನೋಡ್ತಾ ಇರು" ಅಂದಳು ಅಷ್ಟೇ. ಒರೆಸಿದ ಬಳ್ಳಿ ಗೋಡೆ ಹತ್ತಿ ಹಳದಿ ಹೂ ಬಿಟ್ಟಿತು. ಒರೆಸದ್ದು ಸೊರಗಿ ಸೊಂಟದೆತ್ತರಕ್ಕೇ ನಿಂತಿತು. ಎಲೆಯೂ ಉಸಿರಾಡುತ್ತದೆಂಬುದನ್ನು ನಾನು ಕಲಿತದ್ದು ಹಾಗೆ. ಎಷ್ಟೋ ವರ್ಷಗಳ ಮೇಲೆ, ನಾನು ಈಗಿರುವ ವಾಡಿ ಊರಿನ ಓಣಿಯಲ್ಲಿ, ಶಾಲೆಗಳು ಮುಚ್ಚಿ ಮಕ್ಕಳು ಮೊಬೈಲ್ ಹಿಡಿದು ಮನೆಯಲ್ಲೇ ಕೂತ ಆ ದಿನಗಳಲ್ಲಿ, ಅಕ್ಕಪಕ್ಕದ ತಾಯಂದಿರು ಹುಡುಗರನ್ನು ನನ್ನ ಮಾಳಿಗೆಗೆ ಕಳಿಸುತ್ತಿದ್ದರು. ಒಡೆದ ಬಕೀಟುಗಳಲ್ಲಿ ಬೀಜ ಹಾಕಿಸಿ, ಅವರಿಗೂ ಒಂದು ಗಿಡ ಒರೆಸಿ ಒಂದನ್ನು ಬಿಡಲು ಹೇಳಿದೆ. ಇದನ್ನೆಲ್ಲ ಯಾವ ಟ್ರೇನಿಂಗಿನಲ್ಲಿ ಕಲಿತಿರಿ ಎಂದು ಒಬ್ಬಾಕೆ ಕೇಳಿದಳು. ನಮ್ಮ ಅವ್ವನ ನಾಲ್ಕು ಫರಸಿಯ ತೋಟದಲ್ಲಿ ಅಂದೆ. ಆದರೆ ಆ ತೋಟದ ನೆನಪಿನ ಜೊತೆಗೆ ನಾನು ಮಾಡಿದ ಒಂದು ತಪ್ಪಿನ ನೆನಪೂ ಬರುತ್ತದೆ.

ಮೂರು ವಾರಕ್ಕೊಮ್ಮೆ ಬರುವ ಆ ಸೋಮವಾರಗಳು ನನಗೆ ಸಾವಿನಂತಿದ್ದವು. ದಪ್ಪ ಸೂಜಿ, ಸುಣ್ಣದ ನೀರಿನಂಥ ಔಷಧಿ. ಚುಚ್ಚಿದ ಮೇಲೆ ಎರಡು ದಿನ ಆ ಕಾಲು ಎತ್ತಿಡಲು ಆಗುತ್ತಿರಲಿಲ್ಲ. ಪ್ರತಿ ಸಲ ಅವ್ವನೇ ಕರೆದುಕೊಂಡು ಹೋಗುತ್ತಿದ್ದಳು. ಕಂಪೌಂಡರು ದಪ್ಪ ಕಾಗದದ ಕಾರ್ಡಿನಲ್ಲಿ ತಾರೀಖು ಬರೆದು ಗೆರೆ ಹಾಕುತ್ತಿದ್ದರು. ಒಂದು ಸೋಮವಾರ ತವರಿನಲ್ಲಿ ಅಣ್ಣನ ಮಗುವಿನ ತೊಟ್ಟಿಲು ಎಂದು ಅವ್ವ ಬೆಳಿಗ್ಗೆಯೇ ಹೊರಟಳು. ಪಕ್ಕದ ಮನೆಯ ಮಹಬೂಬಿ ಖಾಲಾಳ ಜೊತೆ ಆಸ್ಪತ್ರೆಗೆ ಹೋಗಬೇಕೆಂದು ನನಗೆ ಹತ್ತು ಸಲ ಹೇಳಿದಳು. ಖಾಲಾ ಬುರ್ಖಾ ಹಾಕಿಕೊಂಡು ಕರೆಯಲು ಬಂದಾಗ, "ಅಪ್ಪ ಬರ್ತಾನಂತ ಖಾಲಾ, ಅವ್ನೇ ಒಯ್ತಾನ" ಅಂದುಬಿಟ್ಟೆ. ಸಂಜೆ ಅಪ್ಪ ಕೇಳಿದ. ಖಾಲಾ ಕರೆದುಕೊಂಡು ಹೋಗಿದ್ದಳು ಅಂದೆ. ಕತ್ತಲಾಗುವಾಗ ಬಸ್ಸಿಳಿದು ಬಂದ ಅವ್ವ ಸೀರೆಯನ್ನೂ ಬದಲಿಸದೆ ಕೇಳಿದಳು.

"ಜಗದೇವೀ, ಸೂಜಿ ಮಾಡಿಸಿಕೊಂಡ್ಯಾ?"

"ಹ್ಞೂಂ."

ನಂಬಲೆಂದು ಅಡುಗೆಮನೆಯ ತನಕ ಕುಂಟುತ್ತಾ ಹೋಗಿ ನೀರು ಕುಡಿದು ಬಂದೆ.

ಮುಂದಿನ ಸೂಜಿಯ ಸೋಮವಾರ ಬರುವ ಮೊದಲೇ ಗಂಟಲು ಕಟ್ಟಿತು, ಆಮೇಲೆ ಮೊಣಕಾಲು ಬಾತವು. ಈ ಸಲ ಎದೆ ಹೊಡೆದುಕೊಳ್ಳುವ ಸದ್ದು ನನಗೇ ಕೇಳಿಸುತ್ತಿತ್ತು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಕಲಬುರಗಿಯ ಡಾಕ್ಟರು ಆಸ್ಪತ್ರೆಗೆ ಸೇರಿಸಿಕೊಂಡು ಕಾರ್ಡು ಕೇಳಿದರು. ಬೆರಳಿಟ್ಟು ತಾರೀಖು ನೋಡಿದರು.

"ಇಲ್ಲೊಂದು ಸೂಜಿ ತಪ್ಪ್ಯಾದಲ್ಲ. ಯಾಕ್ರಿ?"

ಅಪ್ಪ ಅವ್ವನ ಕಡೆ ತಿರುಗಿದ. ಅವ್ವ ನನ್ನನ್ನು ನೋಡಿದಳು. ಒಂದೇ ಸಲ. ನಾನು ಕಣ್ಣು ಮುಚ್ಚಿಕೊಂಡೆ. ಅವಳಿಗೆ ಎಲ್ಲ ತಿಳಿಯಿತು ಎಂಬುದು ನನಗೂ ತಿಳಿಯಿತು.

"ನಂದೇ ತಪ್ಪ್ರಿ, ಸಾಹೇಬ್ರ. ನಾ ಅವತ್ತ ತವರಿಗಿ ಹೋಗಿದ್ದೆ" ಅಂದಳು ಅವ್ವ.

ಕೆಲಸ, ಮನೆ ಬಿಟ್ಟರೆ ಮಂದಿಯ ಮುಂದೆ ಗಂಟಲೆತ್ತಿ ಮಾತಾಡಿದವನಲ್ಲ ಅಪ್ಪ. ಅವತ್ತು ವಾರ್ಡಿನ ತುಂಬ ಕೇಳುವಂತೆ ಕೂಗಿದ.

"ಗಿಡದ ಧ್ಯಾನದಾಗ ಮಗಳ ಜೀವ ಮರತೀ ನೀ! ಖಾಲಾ ಕರಕೊಂಡು ಹೋಗ್ಯಾಳ ಅಂತ ನನಗೂ ಸುಳ್ಳ ಹೇಳಿಸಿದ್ಯಾ? ತಾಯಿ ಏನ ನೀನು?"

ಅವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನಿಂತಿದ್ದಳು. ಪಕ್ಕದ ಮಂಚದ ಹೆಂಗಸು ಮುಖ ತಿರುಗಿಸಿಕೊಂಡಳು. ನಾನು ಕಣ್ಣು ತೆರೆಯಲಿಲ್ಲ.

ಹದಿನೈದು ದಿನದ ಮೇಲೆ ಮನೆಗೆ ಬಂದಾಗ ತೋಟ ಇರಲಿಲ್ಲ. ಅವ್ವ ನನ್ನ ಹತ್ತಿರ ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ ಅಪ್ಪ ನಾಲ್ಕೂ ಫರಸಿಗಳನ್ನು ಮತ್ತೆ ಹಾಸಿ, ಸಂದುಗಳಿಗೆಲ್ಲ ಸಿಮೆಂಟ್ ತುಂಬಿದ್ದ. ಹೀರೆ ಬಳ್ಳಿಯ ಒಣಗಿದ ಎಳೆಯೊಂದು ಗೋಡೆಯ ಮೊಳೆಗೆ ಇನ್ನೂ ಅಂಟಿಕೊಂಡಿತ್ತು. ಅವ್ವ ಅದನ್ನು ಬಿಡಿಸಿ ಒಲೆಗೆ ಹಾಕಿದಳು. ಅಂದಿನಿಂದ ಅವಳು ಅಪ್ಪನೊಡನೆ ಬೇಕಾದಷ್ಟೇ ಮಾತಾಡಿದಳು. ನನ್ನೊಡನೆ ಮೊದಲಿನಂತೆಯೇ ಇದ್ದಳು. ತಲೆ ಬಾಚಿದಳು, ಕಾಲು ಒತ್ತಿದಳು, ಆ ಸೋಮವಾರದ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಅದೇ ನನಗೆ ತಡೆಯಲಾಗದ್ದು. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಸೀಮೆಸುಣ್ಣ ಹಿಡಿಯುವುದನ್ನೇ ಬಿಟ್ಟೆ.

ಕಾಯಿಲೆಯಿಂದ ಮಗಳು ಮಂಕಾಗಿದ್ದಾಳೆಂದು ಅಪ್ಪನಿಗೆ ಚಿಂತೆ. ಎಲ್ಲಿಂದಲೋ ನಾಲ್ಕನೆಯ ಇಯತ್ತೆಯ ಪುಸ್ತಕಗಳನ್ನು ತಂದ. ಈಗ ಅವನು ದನಿ ತಗ್ಗಿಸಿ ಓದಲು ಕಲಿತಿದ್ದ. ಒಂದು ಸಂಜೆ ನನ್ನ ತಲೆಯ ಹತ್ತಿರ ಕೂತು, ಬೆರಳಿಟ್ಟುಕೊಂಡು ಓದತೊಡಗಿದ. ಬೇರು, ಕಾಂಡ, ಎಲೆ, ಹೂವು. ಚಿತ್ರದಲ್ಲೊಂದು ಗಿಡ ಇತ್ತು, ಬಾಣದ ಗುರುತು ಹಾಕಿ ಹೆಸರು ಬರೆದಿದ್ದರು.

"ಹೇಳು ನೋಡಮ್, ಎಲಿ ಏನ ಮಾಡ್ತದ?"

ನನಗೆ ಉತ್ತರ ಗೊತ್ತಿತ್ತು. ಬಾಯಿ ತೆರೆದರೆ ಬಿಕ್ಕಿ ಬಿಕ್ಕಿ ಅಳು ಬಂತು. ಅಪ್ಪ ಗಾಬರಿಯಾಗಿ ಎದೆ ಮುಟ್ಟಿ ನೋಡಿದ.

"ಬ್ಯಾನಿ ಆಗ್ಲಾಕತ್ತದೇನವ್ವಾ?"

"ಅವ್ವ ಮರತಿಲ್ಲಪ್ಪಾ. ನಾನೇ ಹೋಗ್ಲಿಲ್ಲ. ಖಾಲಾಗ ಸುಳ್ಳ ಹೇಳ್ದೆ, ನಿನಗೂ ಹೇಳ್ದೆ, ಅವ್ವಗೂ ಹೇಳ್ದೆ."

ಹೊಡೆಯುತ್ತಾನೆಂದು ಮುಖಕ್ಕೆ ಕೈ ಅಡ್ಡ ಹಿಡಿದೆ. ಅವನು ಪುಸ್ತಕ ಮುಚ್ಚಿದ.

"ನಿಮ್ಮವ್ವಗ ಗೊತ್ತದೇನು?"

"ಗೊತ್ತದ. ಡಾಕ್ಟ್ರು ಕೇಳ್ದಾಗೇ ಗೊತ್ತಾಯ್ತು."

ಅಪ್ಪ ಎದ್ದು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸದ್ದು ನಿಲ್ಲಲಿಲ್ಲ.

"ಯಾಕ ಹೇಳಲಿಲ್ಲ ನನಗ?"

"ಹೇಳಿದ್ರ ಅಕಿನ್ನ ಬಡೀತಿದ್ರಿ. ಎದಿ ಬ್ಯಾನಿ ಕೂಸು."

"ಆಸ್ಪತ್ರಿಯೊಳಗ ಅಷ್ಟು ಮಂದಿ ಮುಂದ ನಾ ನಿನಗ..."

"ಅಂದ್ರಿ" ಅಂದಳು ಅವ್ವ. ರೊಟ್ಟಿಯನ್ನು ಹಂಚಿಗೆ ಹಾಕಿದಳು.

ರಜೆಯ ದಿನ ಬೆಳಿಗ್ಗೆ ಅವನು ಹಾರೆ ತಂದು ಅಂಗಳದಲ್ಲಿ ನಿಂತ. "ಎಲ್ಲೆಲ್ಲಿ ಎತ್ತಲಿ, ಹೇಳು" ಎಂದು ಒಳಗೆ ಕೇಳುವಂತೆ ಅಂದ. "ನನಗೇನು ಬ್ಯಾಡ್ರಿ ಇನ್ನ" ಎಂದು ಒಳಗಿನಿಂದ ಬಂತು. ಅವಳು ಸಿಟ್ಟು ಬಿಟ್ಟಿರಲಿಲ್ಲ, ಬಿಡಬೇಕಾಗಿಯೂ ಇರಲಿಲ್ಲ. ಅಪ್ಪ ತಾನೇ ಶುರುಮಾಡಿದ. ಸಿಮೆಂಟ್ ಹಿಡಿದ ಫರಸಿ ಮೊದಲಿನಂತೆ ಇಡಿಯಾಗಿ ಏಳುವುದಿಲ್ಲ. ತಾನೇ ಅಂಚು ತಿದ್ದಿ ಕೂಡಿಸಿದ್ದ ಕಲ್ಲನ್ನು ತಾನೇ ಒಡೆದು ಚೂರು ಚೂರಾಗಿ ತೆಗೆಯಬೇಕಾಯಿತು. ನಾಲ್ಕಕ್ಕೆ ನಿಲ್ಲಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಂಬತ್ತು ಫರಸಿ ಹೋಗಿದ್ದವು. ಆಮೇಲೆ ಮಣ್ಣಿನ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಬಿಳಿ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಆ ಕಪ್ಪನ್ನು ನೋಡಿದ. ಮುಂದೇನು ಮಾಡಬೇಕೆಂದು ಅವನಿಗೆ ತಿಳಿಯದು. ಹೊಸ್ತಿಲಲ್ಲಿ ಕೂತಿದ್ದ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ.

"ಬೀಜ ಎಷ್ಟು ಆಳ ಹಾಕಬೇಕು?"

"ಎರಡು ಬಟ್ಟು."

"ಎಷ್ಟು ದೂರ?"

"ಮೆಂತ್ಯಕ್ಕ ದೂರ ಬ್ಯಾಡ. ಹೀರಿಗಿ ಎರಡು ಗೇಣು."

ಅವನು ಹೇಳಿದಂತೆ ಬೆರಳಿನಿಂದ ಅಳೆದು ಅಳೆದು ಹಾಕಿದ. ನಂತರ ದೊಡ್ಡ ಬಕೀಟು ತಂದು ಒಮ್ಮೆಗೇ ಸುರಿಯತೊಡಗಿದ. ಬೀಜಗಳು ಮಣ್ಣಿನೊಡನೆ ತೇಲಿ ಹೋಗುತ್ತಿದ್ದವು. ನಾನು ಕೂಗುವ ಮೊದಲೇ ಹಿಂದೆ ಬಳೆಯ ಸದ್ದಾಯಿತು.

"ಅಷ್ಟ ಸುರುವಿದ್ರ ಕೊಳೀತಾವ್ರಿ. ತರ್ರಿ ಇಲ್ಲಿ."

ಅವ್ವ ಅವನ ಕೈಯಿಂದ ಬಕೀಟು ತೆಗೆದುಕೊಂಡು, ಸೆರಗು ಸಿಕ್ಕಿಸಿ, ತಂಬಿಗೆಯಲ್ಲಿ ಮೊಗೆದು ಬೆರಳ ಸಂದಿನಿಂದ ನೀರು ಚಿಮುಕಿಸಿದಳು. ಅಪ್ಪ ಪಕ್ಕಕ್ಕೆ ಸರಿದು ಜಾಗ ಬಿಟ್ಟು ನಿಂತ.

ಸಪ್ಪೆ ಬೇಳೆಯ ದಿನಗಳು ಮುಗಿದು ಡಾಕ್ಟರು ಶಾಲೆಗೆ ಕಳಿಸಿ ಅಂದದ್ದು ಮತ್ತೊಂದು ಮಳೆಗಾಲ ಶುರುವಾದಾಗ. ನನ್ನ ಗೆಳತಿಯರೆಲ್ಲ ಐದಕ್ಕೆ ಹೋಗಿದ್ದರು. ನಾನು ನಾಲ್ಕರಲ್ಲಿ, ನನಗಿಂತ ಚಿಕ್ಕವರ ನಡುವೆ ಕೂರಬೇಕಿತ್ತು. ಆ ಬೆಳಿಗ್ಗೆ ಅವ್ವ ಅಂಗಳದಲ್ಲಿ ಪುಂಡಿ ಸೊಪ್ಪು ಬಿಡಿಸುತ್ತಿದ್ದಳು. ಅಷ್ಟು ದಿನ ನಾಲಗೆಯ ತುದಿಯಲ್ಲಿದ್ದದ್ದನ್ನು ನಾನು ಕೇಳಿಯೇಬಿಟ್ಟೆ.

"ಅವ್ವಾ, ಅವತ್ತ ನನ್ನ ಸಲುವಾಗಿ ಸುಳ್ಳ ಹೇಳಿದೆಲ್ಲ, ನಿನಗ ಸಿಟ್ಟ ಬರಲಿಲ್ಲೇನು?"

ಅವಳು ತಲೆ ಎತ್ತದೆ ದಂಟಿನಿಂದ ಎಲೆ ಕೀಳುತ್ತಲೇ ಇದ್ದಳು.

"ನಾ ಎಲ್ಲಿ ಸುಳ್ಳ ಹೇಳೀನಿ? ನಿನ್ನ ಕರಕೊಂಡು ಹೋಗೂದು ನನ್ನ ಕೆಲಸಿತ್ತು. ನಾ ಹೋಗಲಿಲ್ಲ, ಅದನ್ನೇ ಹೇಳ್ದೆ. ಸುಳ್ಳ ಹೇಳ್ದಾಕಿ ನೀನು. ಅದನ್ನ ನಾ ಹೊತ್ತಿಲ್ಲ. ಅದು ನಿಂದೇ. ನೀನೇ ಹೊತ್ತಿ, ನೀನೇ ಇಳಿಸಿದಿ."

ಅಷ್ಟು ಹೇಳಿ ಸೊಪ್ಪಿನ ಬುಟ್ಟಿಯನ್ನು ಒಳಗಿಟ್ಟು ಬಂದಳು. ಗೂಟಕ್ಕೆ ತೂಗಿಸಿದ್ದ ನನ್ನ ಪಾಟಿಚೀಲವನ್ನು ತೆಗೆದು ತನ್ನ ಹೆಗಲಿಗೆ ಹಾಕಿಕೊಂಡಳು. "ಏಳಿನ್ನ, ಗಂಟಿ ಆಗ್ತದ" ಎಂದು ಮುಂದೆ ನಡೆದಳು. ಓಣಿಯ ಹೆಂಗಸರು ಬಾಗಿಲಿಗೆ ಬಂದು ನೋಡಿ, "ಏನವಾ, ನೀನೂ ಸಾಲಿಗಿ ಹೊಂಟ್ಯಾ?" ಎಂದು ನಗುತ್ತಿದ್ದರು. "ಹೌದ ನೋಡವಾ" ಎನ್ನುತ್ತಾ ಅವಳು ಚೀಲದ ಪಟ್ಟಿಯನ್ನು ಇನ್ನಷ್ಟು ಮೇಲಕ್ಕೆ ಸರಿಸಿಕೊಂಡಳು. ಶಾಲೆಯ ಗೇಟು ಮುಟ್ಟುವತನಕ ಅದನ್ನು ನನಗೆ ಕೊಡಲಿಲ್ಲ.